ಹೂವಳಿಸಿದ ಕೋವಿ

ಮಡಿಕೇರಿಯಲ್ಲಿ ಕೋವಿ ರಿಪೇರಿ ಮಾಡುವ ಮೊಣ್ಣಪ್ಪನ ಮುಂದೆ ಎಸ್ಟೇಟ್ ಮಾಲೀಕ ಪಳಂಗಪ್ಪ ಹಳೆಯ ಜಪಾನಿ ಕೋವಿಯೊಂದನ್ನು ಇಟ್ಟ.

"ಬರ್ಮಾ ಯುದ್ಧದಲ್ಲಿ ನಮ್ಮಜ್ಜ ಶತ್ರುವಿನ ಕೈಯಿಂದ ಕಿತ್ತುಕೊಂಡದ್ದು. ಎರಡು ಲಕ್ಷ ಬಾಳುತ್ತೆ ಅಂತ ಬರೆದುಕೊಡು. ಇಲ್ಲದಿದ್ದರೆ ನಿನ್ನ ಅಂಗಡಿಗೆ ಬೀಗ!"

ಮೊಣ್ಣಪ್ಪ ನಳಿಗೆಯ ಬುಡ ಸವರಿದ. "ಇಲ್ಲಿ ಜಪಾನಿನ ಚಕ್ರವರ್ತಿಯ ಹೂವಿನ ಮುದ್ರೆ ಇರಬೇಕಿತ್ತು ಸಾರ್. ಸೋತು ಕೋವಿ ಒಪ್ಪಿಸುವಾಗ ಅದನ್ನು ಉಜ್ಜಿ ಅಳಿಸುತ್ತಿದ್ದರು. ಇದರಲ್ಲೂ ಅಳಿಸಿದ್ದಾರೆ."

"ಅದಕ್ಕೇನೀಗ?"

"ಏನಿಲ್ಲ, ಎರಡು ಲಕ್ಷವೇ ಬರೀತೀನಿ. ಜೊತೆಗೆ ವಿವರವನ್ನೂ ಬರೀಬೇಕಲ್ಲ? ಶತ್ರು ಅರ ಹಿಡಿದು ಹೂವು ಉಜ್ಜಿ ಮುಗಿಸೋವರೆಗೂ ಅಜ್ಜನವರು ಪಕ್ಕದಲ್ಲೇ ಕಾದು ಕೂತು, ಆಮೇಲೆ ಕಿತ್ತುಕೊಂಡರು ಅಂತ."

ಪಳಂಗಪ್ಪನ ಮೀಸೆ ಇಳಿಯಿತು. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ: "ಅಜ್ಜನನ್ನು ಬಿಟ್ಟು ಬರೆದರೆ ಎಷ್ಟು?"

"ನಲವತ್ತು ಸಾವಿರ."

"ಬಿಟ್ಟೇ ಬರಿ ಮಾರಾಯ."