ತುಟಿ ಬಿಚ್ಚದ ಪೆಟ್ಟಿಗೆ

ಬೋಳುಗುಡ್ಡವೊಂದರ ಮೇಲೆ ವಿಜ್ಞಾನಿ ಹೊನ್ನಪ್ಪ ಮೇಷ್ಟ್ರು ಸಾಲುಸಾಲಾಗಿ ಪೆಟ್ಟಿಗೆಗಳನ್ನು ಇಡಿಸಿದ್ದರು. ನಕ್ಷತ್ರಗಳಾಚೆಯಿಂದ ಬರುವ ವಿಶ್ವಕಿರಣ ಗಾಳಿಗೆ ಬಡಿದರೆ ಪುಡಿಪುಡಿಯಾಗಿ ಕಣಗಳ ಮಳೆ ಸುರಿಯುತ್ತದೆ. ಒಂಟಿ ಕಣ ತಾಗಿದರೆ ಪೆಟ್ಟಿಗೆಯ ದೀಪ ಮಿನುಗಿ ಸುಮ್ಮನಾಗುತ್ತದೆ. ರಾಶಿ ಬಿದ್ದರೆ ತಂತಿಯ ಮೂಲಕ ಮೇಷ್ಟ್ರ ಕೋಣೆಗೆ ಸುದ್ದಿ ಮುಟ್ಟುತ್ತದೆ. ಅಂಥ ಒಂದು ಭಾರೀ ಕಿರಣಕ್ಕಾಗಿ ಮೇಷ್ಟ್ರ ಶಿಷ್ಯೆ ಭಾರ್ಗವಿ ವರ್ಷಗಟ್ಟಲೆ ಕಾದಿದ್ದಳು. ಅವಳ ಓದು, ಹೆಸರು ಎಲ್ಲವೂ ಅದನ್ನೇ ನೆಚ್ಚಿಕೊಂಡಿದ್ದವು.

ಒಂದು ಮಧ್ಯಾಹ್ನ ಗುಡುಗು ಸಿಡಿಲಿನ ನಡುವೆ ಪೆಟ್ಟಿಗೆಗಳೆಲ್ಲ ಒಟ್ಟಿಗೇ ಬೊಬ್ಬೆ ಹಾಕಿದವು. ಅಷ್ಟು ಶಕ್ತಿಯ ಕಿರಣವನ್ನು ಆ ಗುಡ್ಡ ಕಂಡೇ ಇಲ್ಲವೆಂದು ಭಾರ್ಗವಿ ಕುಣಿದಾಡಿಬಿಟ್ಟಳು. ಆದರೆ ನಟ್ಟನಡುವಿನ ಪೆಟ್ಟಿಗೆ ಮಾತ್ರ ತುಟಿ ಬಿಚ್ಚಿರಲಿಲ್ಲ.

"ಅದು ಹಾಳಾಗಿರ್ಬೇಕು ಬಿಡಿ ಸರ್. ಕಿರಣ ಸಿಕ್ತು ಅಂತ ಈಗಲೇ ಸುದ್ದಿ ಕೊಡೋಣ. ತಡ ಮಾಡಿದ್ರೆ ಬೇರೆಯವರು ಮುಂದೆ ಹೋಗ್ತಾರೆ."

"ಹಾಳಾಗಿದ್ರೆ ಖಂಡಿತ ಕೊಡೋಣ. ನೋಡ್ಕೊಂಡು ಬಾ," ಎಂದರು ಮೇಷ್ಟ್ರು.

ಸಿಡಿಲು ನಿಂತದ್ದೇ ತಡ, ಭಾರ್ಗವಿ ಓಡಿದಳು. ಮುಚ್ಚಳ ತೆಗೆದು ನೋಡಿದಳು. ದೀಪ ಎಂದಿನಂತೆ ಮಿನುಗುತ್ತಿತ್ತು! ಆಗ ನೆನಪಾಯಿತು: ಇಲಿ ತಂತಿ ಕಡಿದಿದ್ದರಿಂದ ಇದೊಂದನ್ನು ಸಾಲಿನಿಂದ ಬಿಡಿಸಿ, ಬೇರೆ ಬ್ಯಾಟರಿ ಕೊಟ್ಟು, ವೈರ್‌ಲೆಸ್‌ಗೆ ಜೋಡಿಸಿದ್ದರು. ಕಿರಣ ಬಿದ್ದಿದ್ದರೆ ಇದೂ ಅರಚಬೇಕಿತ್ತು. ಅಂದರೆ ಉಳಿದವು ಅರಚಿದ್ದು ಕಿರಣ ಕಂಡು ಅಲ್ಲ, ತಂತಿಯೊಳಗೆ ನುಗ್ಗಿದ ಸಿಡಿಲಿನ ಏಟಿಗೆ.

ಬ್ಯಾಟರಿಯ ವೈರು ಕೈಗೆಟುಕುವಂತೇ ಇತ್ತು. ಒಮ್ಮೆ ಜಗ್ಗಿದರೆ ಮುಗಿಯಿತು, ಪೆಟ್ಟಿಗೆ ಹಾಳಾಗಿತ್ತು ಎನ್ನಬಹುದು. ನೋಡಲು ಒಂದು ನರಪಿಳ್ಳೆಯೂ ಇಲ್ಲ. ಬೆರಳು ವೈರನ್ನು ಹಿಡಿದೂ ಆಯಿತು. ಅಷ್ಟರಲ್ಲಿ ದೀಪ ಇನ್ನೊಮ್ಮೆ ಮಿನುಗಿತು. ಪಾಪ, ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು. ಭಾರ್ಗವಿಗೆ ತನ್ನ ಮೇಲೇ ನಾಚಿಕೆಯಾಯಿತು. ವೈರು ಬಿಟ್ಟು ಮುಚ್ಚಳ ಹಾಕಿ ಕೋಣೆಗೆ ಮರಳಿದಳು.

"ಪೆಟ್ಟಿಗೆ ಸರಿಯಾಗಿದೆ ಸರ್. ಬಂದಿದ್ದು ಕಿರಣ ಅಲ್ಲ, ಸಿಡಿಲು," ಎಂದಳು. "ಸುಳ್ಳು ಹೇಳೋಣ ಅಂತ ವೈರಿಗೆ ಕೈ ಹಾಕಿದ್ದೆ ಸರ್," ಎಂದು ಅತ್ತೇಬಿಟ್ಟಳು.

ಮೇಷ್ಟ್ರು ಹೇಳಿದರು: "ಕಿರಣ ಇನ್ನೊಂದು ದಿನ ಬರುತ್ತಮ್ಮ. ಆವತ್ತು ನೀನು 'ಕಂಡೆ' ಅಂದ್ರೆ ಸಾಕು, ನಾನು ಏನೂ ಕೇಳೋದಿಲ್ಲ."

ನೀತಿ: ಎಲ್ಲರೂ ನಮಗೆ ಬೇಕಾದದ್ದನ್ನೇ ಹೇಳುವಾಗ, ಹೇಳದೆ ಉಳಿದ ಒಬ್ಬನನ್ನು ತಳ್ಳಿಹಾಕಬಾರದು, ಹೋಗಿ ವಿಚಾರಿಸಬೇಕು. ಸಿಕ್ಕ ಉತ್ತರದಿಂದ ನಮಗೇ ನಷ್ಟವಾದರೂ ಅದನ್ನೇ ಹೇಳಬೇಕು. ನಮ್ಮ ಮಾತಿಗೆ ಬೆಲೆ ಬರುವುದು ಹಾಗೆಯೇ.