ಎಮ್ಮೆ, ಜಾಗಟೆ ಮತ್ತು ಉಂಗುರ

ಒಂದು ರಾಜ್ಯದಲ್ಲಿ ಕೋಳಿ ಜೂಜಿಗೆ ನಿಷೇಧ ಇತ್ತು. ನಿಷೇಧ ಅಂದ್ರೆ ಹೆಸರಿಗಷ್ಟೇ, ಮಕ್ಕಳೇ. ತೋಪಿನ ಮರೆಯಲ್ಲಿ ದಿನಾ ನಡೀತಿತ್ತು. ರಾಜನಿಗೂ ಗೊತ್ತಿತ್ತು.

"ಕದ್ದು ಆಡೋದಕ್ಕಿಂತ ಎದುರಿಗೇ ಆಡಲಿ. ನಾವೇ ನಿಯಮ ಮಾಡೋಣ, ತೆರಿಗೆ ಹಾಕೋಣ" ಅಂದ ರಾಜ. ಮಾತೇನೋ ಸರಿಯಾಗೇ ಇತ್ತು.

ಪುಟ್ಟಗೌರಮ್ಮ ಅನ್ನೋ ಹೆಂಗಸು ಆಸ್ಥಾನಕ್ಕೆ ಬಂದಳು. ಅವಳ ಗಂಡ ಸಣ್ಣಯ್ಯನಿಗೆ ಜೂಜಿನ ಹುಚ್ಚು. ಮನೆಯಲ್ಲಿ ಉಳಿದಿದ್ದು ಒಂದೇ ಎಮ್ಮೆ. ಅದರ ಹಾಲು ಮಾರಿದರೇನೇ ಮಕ್ಕಳಿಗೆ ಊಟ.

"ಬುದ್ಧೀ, ನೀವು ಜೂಜು ನಿಲ್ಲಿಸಿ, ನಡೆಸಿ, ನಿಮ್ಮಿಷ್ಟ. ನನ್ನ ಗಂಡ ಎಮ್ಮೆ ಹಿಡ್ಕೊಂಡು ಆಡೋಕೆ ಬಂದ್ರೆ ತಡೆಯೋರು ಯಾರು?"

"ಅದಕ್ಕೇ ಕಾವಲುಗಾರ ಇರ್ತಾನಮ್ಮ" ಅಂದ ರಾಜ. "ಯಾರಾದ್ರೂ ದನ ಕರು, ಪಾತ್ರೆ ಪಡಗ ಪಣಕ್ಕಿಟ್ರೆ ಜಾಗಟೆ ಬಾರಿಸ್ತಾನೆ. ಆಟ ಅಲ್ಲಿಗೇ ನಿಲ್ಲುತ್ತೆ."

ಮುದಿ ಮಂತ್ರಿಗೆ ನಂಬಿಕೆ ಬರಲಿಲ್ಲ. "ಕಾನೂನು ಬರೆಯೋಕೆ ಮುಂಚೆ ಒಂದು ದಿನ ಆಡಿಸಿ ನೋಡೋಣ, ಮಹಾಪ್ರಭು" ಅಂದ.

ಸರಿ, ಅರಮನೆ ಹಿಂದಿನ ಬಯಲಲ್ಲಿ ಅಖಾಡ ಹಾಕಿದ್ರು. ಮರಿಸಿದ್ದ ಅನ್ನೋನು ಹೊಸ ರುಮಾಲು ಸುತ್ತಿಕೊಂಡು, ಜಾಗಟೆ ಹಿಡಿದು ಕಾವಲಿಗೆ ನಿಂತ. ರಾಜ, ಮಂತ್ರಿ ಇಬ್ಬರೂ ಉಪ್ಪರಿಗೆಯಲ್ಲಿ ಕೂತು ಜಾಗಟೆ ಸದ್ದಿಗೆ ಕಿವಿ ಕೊಟ್ಟರು. ಬೆಳಗ್ಗೆಯಿಂದ ಒಂದು ಸಲವೂ ಕೇಳಲಿಲ್ಲ.

"ನೋಡಿದ್ಯಾ? ಒಂದು ತಪ್ಪೂ ಆಗಿಲ್ಲ!" ಅಂತ ರಾಜ ಬೀಗಿದ.

ಸಂಜೆ ಹಾಲು ಕರೆಯೋ ಹೊತ್ತಿಗೆ ಪುಟ್ಟಗೌರಮ್ಮ ಎದೆ ಬಡ್ಕೊಂಡು ಓಡಿ ಬಂದಳು. ಕೊಟ್ಟಿಗೆ ಖಾಲಿ. ಎಮ್ಮೆ ನೋಡಿದ್ರೆ ಅಖಾಡದ ಪಕ್ಕದಲ್ಲಿ, ಗೆದ್ದವನ ಗೂಟದಲ್ಲಿತ್ತು! ಸಣ್ಣಯ್ಯ ಪಣಕ್ಕಿಟ್ಟು ಸೋತಿದ್ದ.

ರಾಜ ದಡದಡ ಇಳಿದು ಬಂದ. "ಜಾಗಟೆ ಯಾಕೋ ಬಾರಿಸಲಿಲ್ಲ?"

ಮರಿಸಿದ್ದ ತಲೆ ಕೆರೆದುಕೊಂಡ. "ಬಾರಿಸಬೇಕು ಅಂತಲೇ ಇದ್ದೆ ಬುದ್ಧಿ. ಆದ್ರೆ ಜಾಗಟೆ ಅಷ್ಟರಲ್ಲಿ ಕೆಂಪು ಹುಂಜದ ಮೇಲೆ ಹೋಗ್ಬಿಟ್ಟಿತ್ತು."

ಅಯ್ಯೋ ರಾಮ! ಕಾಯೋಕೆ ನಿಂತವನೇ ಜಾಗಟೆ ಪಣಕ್ಕಿಟ್ಟು ಸೋತಿದ್ದ! ಇಂಥವರಿಗೆ ಏನಂತ ಹೇಳೋದು?

ಅಷ್ಟಾದ ಮೇಲಾದರೂ ರಾಜನಿಗೆ ಬುದ್ಧಿ ಬರಬೇಡವೇ? "ಇರಲಿ ಬಿಡು. ನಾಳೆಯಿಂದ ಎಲ್ಲ ಸರಿಹೋಗುತ್ತೆ. ಬೇಕಾದ್ರೆ ಪಂಥ ಕಟ್ಟು ಮಂತ್ರಿ, ಇಗೋ ನನ್ನ ಮುದ್ರೆಯುಂಗುರ!" ಅಂತ ಬೆರಳಿಂದ ಕಳಚಿಯೇ ಬಿಟ್ಟ.

ಪುಟ್ಟಗೌರಮ್ಮನಿಗೆ ರೇಗಿಹೋಯ್ತು. "ಮೊದ್ಲು ನನ್ನ ಎಮ್ಮೆ ಕೊಡ್ಸಿ ಬುದ್ಧಿ. ಆಮೇಲೆ ನಿಮ್ಮ ಉಂಗುರಕ್ಕೂ ಒಬ್ಬ ಕಾವಲುಗಾರನ್ನ ಇಟ್ಕೊಳ್ಳಿ. ಮರಿಸಿದ್ದ ಮಾತ್ರ ಬೇಡ!"

ರಾಜ ತೆಪ್ಪಗೆ ಉಂಗುರ ಹಾಕಿಕೊಂಡ. ಎಮ್ಮೆ ಮನೆಗೆ ಹೋಯ್ತು. ಕಾನೂನು ಮಾತ್ರ ಅವತ್ತು ಬರೆಯಲಿಲ್ಲ.

ನೀತಿ: ಜೂಜಾಡೋಕೆ ಬಿಡಬೇಕೋ ತಡೆಯಬೇಕೋ ಅನ್ನೋದು ಆಮೇಲಿನ ಮಾತು. ಅದಕ್ಕೆ ಕಡಿವಾಣ ಹಾಕ್ತೀವಿ ಅನ್ನೋರು ಮೊದಲು ತಮಗೆ ತಾವೇ ಕಡಿವಾಣ ಹಾಕಿಕೊಂಡು ತೋರಿಸಲಿ.