ಪರದೆಗಲ್ಲು

ಹಿರೇಕಲ್ಮಡಿಯ ಪಡುವಣಕ್ಕೆ, ಹೊಳೆ ದಾಟಿದೊಡನೆ ಎದುರಾಗುವ ಬೂದುಬಣ್ಣದ ಬಂಡೆಗೆ ಪರದೆಗಲ್ಲು ಎಂದು ಹೆಸರು. ಗೋಡೆ ಕಟ್ಟಿದಂತೆ ನೆಟ್ಟಗೆ ನಿಂತಿದೆ. ಹೊಸಬರು ಪರದೆ ಎಂದರೆ ನಾಟಕದ ಮುಂದೆ ಎಳೆಯುವ ಬಟ್ಟೆಯೆಂದುಕೊಂಡು, ಹಿಂದೆ ಏನಿದೆಯೋ ಎಂದು ಸುತ್ತುಹಾಕಿ ಬರುತ್ತಾರೆ. ಹಿಂದೆ ಕುರಿಗಳಿವೆ, ಅಷ್ಟೇ. ಇಲ್ಲಿಗೆ ಬರುತ್ತಿದ್ದ ಕಂಪನಿ ನಾಟಕದವರ ಬಾಯಲ್ಲಿ ಪರದೆಯೆಂದರೆ ನಟರ ಬೆನ್ನ ಹಿಂದೆ ಇಳಿಬಿಡುವ, ಕಾಡನ್ನೋ ಅರಮನೆಯನ್ನೋ ಬರೆದ ದೊಡ್ಡ ಪಟ. ಕಲ್ಲಿಗೆ ಹೆಸರು ಬಂದದ್ದು ಅದರಿಂದ.

ಹಿಂದೆ ಒಮ್ಮೆ ಇದೇ ಬಯಲಲ್ಲಿ ನಾಟಕ ಕಂಪನಿಯೊಂದು ಬೀಡುಬಿಟ್ಟಿತ್ತು. ಪರದೆ ಬರೆಯುವವನು ಚಿತ್ರಗಾರ ಮೌನಪ್ಪ. ಹೆಸರಿಗೆ ತಕ್ಕ ಮನುಷ್ಯ. ಹೇಳಬೇಕಾದದ್ದನ್ನೆಲ್ಲ ಕುಂಚಕ್ಕೇ ಬಿಟ್ಟಿದ್ದ. ನಾಯಕಿಯ ಪಾತ್ರದ ತುಳಸವ್ವ ರಂಗಕ್ಕೆ ಬರುವ ಕಡೆಗೆ, ಕಾಡಿನ ಪರದೆಯಲ್ಲಿ ಅವನೊಂದು ಕೆಮ್ಮಣ್ಣಿನ ದಾರಿ ಬರೆದಿದ್ದ. ಅದು ಅವಳಿಗಾಗಿ ಎಂಬುದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಅವನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರಲ್ಲಿ ದೂರದ ದೊಡ್ಡ ಕಂಪನಿಯಿಂದ ಅವಳಿಗೆ ಕರೆ ಬಂತು. ಆ ಕಾಲದಲ್ಲೊಂದು ಕಟ್ಟಳೆಯಿತ್ತು. ಮಂಗಳದ ಹಾಡಾದ ಮೇಲೆ ಪರದೆಯನ್ನು ಬರೆದವನೇ ಸುತ್ತಬೇಕು. ಅದು ಸುತ್ತದೆ ಇಳಿದಿರುವ ತನಕ ನಾಟಕ ಮುಗಿದಂತಲ್ಲ, ಯಾರೂ ಬಣ್ಣ ಒರೆಸುವಂತಿಲ್ಲ, ಗಾಡಿ ಹೂಡುವಂತಿಲ್ಲ. ತುಳಸವ್ವನ ಕಡೆಯ ಆಟ ಮುಗಿದು ಬಿಸಿಲೇರಿದರೂ ಮೌನಪ್ಪ ಪರದೆ ಸುತ್ತಲಿಲ್ಲ. ರಾಜ, ಮಂತ್ರಿ, ರಾಕ್ಷಸರೆಲ್ಲ ಬಣ್ಣದ ಮುಖದಲ್ಲೇ ಕೂತು ಅವನಿಗೆ ಹಿಡಿಶಾಪ ಹಾಕಿದರು. ಕೊನೆಗೆ ತುಳಸವ್ವನೇ ಬಂದು ನಿಂತಳು.

“ಮೌನಪ್ಪಾ, ಮಾರಿ ಮ್ಯಾಲಿನ ಬಣ್ಣ ಸುಡಾಕ ಹತ್ತೈತಿ. ಇರು ಅಂತೀಯೋ, ಪಡದಿ ಸುತ್ತತೀಯೋ? ಏನಾರ ಒಂದು ಅಂದುಬಿಡು.”

ಇರು ಎಂಬ ಮಾತು ಅವನ ಗಂಟಲಲ್ಲೇ ಇತ್ತು. ಆದರೆ ಅವಳ ಕೆನ್ನೆಯ ಮೇಲೆ ಅರದಾಳದ ಹಳದಿ ಬಣ್ಣ ಬೆವರಿನೊಡನೆ ಇಳಿಯುತ್ತಿತ್ತು. ಅದನ್ನು ನೋಡಲಾರದೆ ಪರದೆ ಸುತ್ತಿಬಿಟ್ಟ. ಗಾಡಿಯ ಧೂಳು ಅಡಗಿದ ಮೇಲೆ ಮಾತು ಬಂತು, ಕೇಳುವವರಿರಲಿಲ್ಲ. ಮೌನಪ್ಪ ಕಂಪನಿ ಬಿಟ್ಟು ಇಲ್ಲೇ ಉಳಿದ. ಅದೇ ಕಾಡನ್ನು, ಅದೇ ದಾರಿಯನ್ನು ಈ ಬಂಡೆಯ ಮೇಲೆ ಬರೆದ. ಇದನ್ನು ಯಾರೂ ಸುತ್ತಲಾರರು. ನಾಟಕ ಮುಗಿದಿಲ್ಲವೆಂದ ಮೇಲೆ ನಾಯಕಿ ಬರಲೇಬೇಕಲ್ಲ! ಮಳೆಗಾಲ ಬಣ್ಣ ತೊಳೆಯುತ್ತಿತ್ತು, ಅವನು ಮತ್ತೆ ಬರೆಯುತ್ತಿದ್ದ. ಮೈ ಮುಪ್ಪಾಯಿತು, ಹಂಬಲ ಮುಪ್ಪಾಗಲಿಲ್ಲ. ಹಾಗೆ ಬರೆಯುತ್ತಲೇ ತೀರಿಕೊಂಡ ಎನ್ನುತ್ತಾರೆ. ಅವನು ಮಣ್ಣಾದ ಮರುಬೇಸಗೆ ನರೆಗೂದಲ ಹೆಂಗಸೊಬ್ಬಳು ಮುಖದ ತುಂಬ ಬಣ್ಣ ಹಚ್ಚಿಕೊಂಡು ಬಂದಳಂತೆ. ಕುರಿಗಾಹಿಗಳು ಅವನು ತೀರಿಹೋದ ವಿಷಯ ತಿಳಿಸಿದರು. ಅವಳು ಕಲ್ಲಿನ ಹತ್ತಿರ ಹೋದಳು.

“ಪಡದಿ ಇನ್ನಾ ಇಳದೈತಿ,” ಎಂದಳು. “ನಾ ಬರೂದು ತಡಾ ಆತು.”

ಕೆನ್ನೆಯ ಬಣ್ಣವನ್ನು ಅಂಗೈಯಿಂದ ಒರೆಸಿ, ಆ ಅಂಗೈಯನ್ನು ಕಲ್ಲಿನ ಮೇಲೆ ದಾರಿ ಮುಗಿಯುವಲ್ಲಿ ಒತ್ತಿ ಹೋದಳು.

ಈಗ ಕಾಡೆಲ್ಲ ತೊಳೆದುಹೋಗಿದೆ. ಕೆಂಪು ದಾರಿಯ ಗೆರೆ ಉಳಿದಿದೆ, ಅದರ ತುದಿಯಲ್ಲಿ ಅಂಗೈಯಗಲದ ಹಳದಿ ಕಲೆ. ಓದಿದವರು ಅದು ಕಲ್ಲುಹೂವು ಎನ್ನುತ್ತಾರೆ, ಎನ್ನಲಿ. ಆಸೆ ಬಿಡದೆ ಕಾಯುವವರನ್ನು ಕಂಡರೆ “ಅವರ ಪಡದಿ ಇನ್ನಾ ಇಳದೈತಿ” ಎನ್ನುವುದು ಈ ಸೀಮೆಯ ರೂಢಿ. ಇನ್ನೊಂದು ರೂಢಿಯೂ ಇದೆ. ಕಲ್ಲು ನೋಡಿ ಹೊರಟು ನಿಂತವರಿಗೆ, ಗುರುತು ಪರಿಚಯ ಇಲ್ಲದಿದ್ದರೂ, ನಿಲ್ಲುವವರಲ್ಲವೆಂದು ಗೊತ್ತಿದ್ದರೂ, ಅಲ್ಲಿಯ ಕುರಿಗಾಹಿಗಳು ಬಾಯಿಬಿಟ್ಟು ಒಮ್ಮೆ “ಇರ್ರಿ” ಎನ್ನುತ್ತಾರೆ.